ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಹಳೆಯ ಮಾರುತಿ ಓಮ್ನಿಯೊಂದನ್ನು ಇಟ್ಟುಕೊಂಡಿರುವ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಒಂದೂವರೆ ವರ್ಷದಲ್ಲಿ ಎರಡು ಬ್ಯಾಟರಿ ಬದಲಾಯಿಸಿದರಂತೆ. ಈಗ ಮೂರನೆಯದೂ ಬೆಳಗಿನ ಹೊತ್ತು ಕೀಲಿ ತಿರುಗಿಸಿದರೆ 'ಟಕ್' ಎಂದು ಒಂದು ಸದ್ದು ಮಾಡಿ ಸುಮ್ಮನಾಗುತ್ತದಂತೆ. 'ಈಗಿನ ಬ್ಯಾಟರಿಗಳ ಗುಣಮಟ್ಟವೇ ಹೀಗೋ, ಇಲ್ಲಾ ನನ್ನ ಹಣೆಬರಹವೋ, ದಯವಿಟ್ಟು ತಿಳಿಸಿ' ಎಂದು ಕೇಳಿದ್ದಾರೆ.

ಬಹುಶಃ ಎರಡೂ ಅಲ್ಲ ಸ್ವಾಮಿ. ಇಷ್ಟು ಧೈರ್ಯವಾಗಿ ಹೇಳಲು ಕಾರಣ, ಇದೇ ಪಾಠವನ್ನು ನಾನು ದುಬಾರಿ ಶುಲ್ಕ ತೆತ್ತು ಕಲಿತಿದ್ದೇನೆ. ಆ ಕಥೆಯನ್ನೂ, ಅದರ ಹಿಂದಿನ ವಿಜ್ಞಾನವನ್ನೂ, ಕೈಗೆ ಸ್ಪ್ಯಾನರ್ ಹಿಡಿಯುವ ಮನಸ್ಸಿದ್ದವರಿಗೆ ಬೇಕಾದ ಕ್ರಮವನ್ನೂ ಈ ವಾರ ಹೇಳುತ್ತೇನೆ.

ನನ್ನದು 1999ರ ಓಮ್ನಿ. 2008ರಲ್ಲಿ ಹಳೆಯದಾಗಿಯೇ ಕೊಂಡದ್ದು. ಮಾರುತಿ ವ್ಯಾನ್ ಎಂಬ ಹೆಸರಿನಲ್ಲಿ 1984ರಲ್ಲಿ ಬಂದು, 1988ರಲ್ಲಿ ಓಮ್ನಿ ಎಂದು ನಾಮಕರಣವಾಗಿ, 2019ರಲ್ಲಿ ತಯಾರಿ ನಿಂತುಹೋದ ಗಾಡಿ ಇದು. ತಯಾರಿ ನಿಂತರೂ ಓಡಾಟ ನಿಂತಿಲ್ಲ. ಶಾಲೆಯ ಮಕ್ಕಳು, ಬಾಳೆಗೊನೆ, ಮದುವೆಮನೆಯ ಪಾತ್ರೆ, ಎಲ್ಲಕ್ಕೂ ಜಾಗ ಕೊಡುವ ಈ ಡಬ್ಬಿ ನಮ್ಮ ಊರುಗಳಲ್ಲಿ ಇನ್ನೂ ಸಾಕಷ್ಟು ಕಾಣುತ್ತದೆ. ಮೂರು ಸಿಲಿಂಡರಿನ 796 ಸಿ.ಸಿ. ಎಂಜಿನ್ ಮುಂದಿನ ಸೀಟುಗಳ ಕೆಳಗೆ ಕೂತಿದೆ. ಬೇಸಿಗೆಯಲ್ಲಿ ಸೀಟು ಯಾಕೆ ಬಿಸಿಯಾಗುತ್ತದೆ ಎಂದು ಓಮ್ನಿ ಓಡಿಸಿದವರನ್ನು ಕೇಳಬೇಕಾಗಿಲ್ಲ.

2015ರ ಆಗಸ್ಟ್‌ನಲ್ಲಿ ಒಂದು ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗಲಿಲ್ಲ. ಬ್ಯಾಟರಿ ಹಳೆಯದಾಗಿತ್ತು, ಹೊಸದು ಹಾಕಿಸಿದೆ. ಹತ್ತೇ ತಿಂಗಳಲ್ಲಿ, 2016ರ ಜೂನ್‌ನಲ್ಲಿ ಅದೂ ಕೈಕೊಟ್ಟಿತು. ಅಂಗಡಿಯವನ ಮುಂದೆ ಹೋಗಿ ನಿಂತು, 'ಎಂಥ ಮಾಲು ಕೊಟ್ಟೆಯಯ್ಯಾ' ಎಂದು ನಾಲ್ಕು ಗಿರಾಕಿಗಳಿಗೆ ಕೇಳುವಂತೆ ಹೇಳಿದೆ. ಅವನು ಸಮಾಧಾನದ ಮನುಷ್ಯ. 'ಮೇಷ್ಟ್ರೇ, ಒಂದು ಸಲ ಚಾರ್ಜಿಂಗ್ ನೋಡೋಣ' ಎಂದು ಮೀಟರ್ ತರಲು ಒಳಗೆ ಹೊರಟ. ನಾನು ತಡೆದೆ. 'ಮೂವತ್ತು ವರ್ಷದಿಂದ ಮಕ್ಕಳಿಗೆ ಇದನ್ನೇ ಪಾಠ ಮಾಡ್ತಾ ಇದ್ದೀನಿ, ನನಗೆ ಹೇಳ್ಕೊಡ್ತೀಯಾ?' ಎಂದೆ. ಅವನು ಮತ್ತೆ ಮಾತಾಡಲಿಲ್ಲ. ರಿಯಾಯಿತಿ ಹಾಕಿ ಇನ್ನೊಂದು ಬ್ಯಾಟರಿ ಕೊಟ್ಟ.

ಒಂದು ತಿಂಗಳು ಕಳೆಯಿತು. ಜುಲೈ ತಿಂಗಳ ಮಳೆ. ಅಮ್ಮನಿಗೆ ಉಡುಪಿಯಲ್ಲಿ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಮಾಡಿಸಿ, ಕಣ್ಣಿಗೆ ಪಟ್ಟಿ ಕಟ್ಟಿದ್ದಂತೆಯೇ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ತೀರ್ಥಹಳ್ಳಿ ಕಡೆಗೆ ಹೊರಟೆ. ಹೊರಡುವಾಗಲೇ ಕತ್ತಲಾಗಿತ್ತು. ಹೆಬ್ರಿ ದಾಟುವಾಗ ಹೆಡ್‌ಲೈಟಿನ ಬೆಳಕು ಯಾಕೋ ಮಂಕು ಅನ್ನಿಸಿತು. ಮಳೆಯ ಕಾರಣ ಇರಬಹುದು ಎಂದುಕೊಂಡೆ. ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತತೊಡಗಿದಾಗ ಬಿಳಿ ಬೆಳಕು ಹಳದಿಯಾಯಿತು. ವೈಪರ್ ಮುದುಕರ ನಡಿಗೆಯಂತೆ ನಿಧಾನವಾಯಿತು. ಆರೇಳು ತಿರುವು ದಾಟುವಷ್ಟರಲ್ಲಿ ಬಲ್ಬಿನೊಳಗೆ ಕೆಂಪಗೆ ಕಾದ ತಂತಿ ಮಾತ್ರ ಉಳಿದಿತ್ತು, ರಸ್ತೆ ಕಾಣುತ್ತಿರಲಿಲ್ಲ. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಏನು ಎಂಬುದು ಆ ದಾರಿ ಬಲ್ಲವರಿಗೆ ಗೊತ್ತು. ತಿರುವಿನಲ್ಲಿ ದೀಪವಿಲ್ಲದೆ ನಿಂತ ಗಾಡಿಗೆ ಮೇಲಿನಿಂದ ಬರುವವನು ಬಂದು ಗುದ್ದಿದರೆ ಕೇಳುವಂತಿಲ್ಲ.

ಹಿಂದಿನಿಂದ ಒಂದು ಜೀಪು ಬಂತು. ಚಾಲಕ ಇಳಿದು ನೋಡಿ ಮೂರು ಮಾತು ಹೇಳಿದ: 'ಲೈಟ್ ಆರಿಸಿ. ವೈಪರ್ ಆರಿಸಿ. ಎಂಜಿನ್ ಮಾತ್ರ ಆರಿಸಬೇಡಿ.' ಆಮೇಲೆ ತಾನು ಮುಂದಾದ. ಅವನ ಜೀಪಿನ ಹಿಂದಿನ ಕೆಂಪು ದೀಪವನ್ನೇ ನೋಡುತ್ತಾ, ಕಿಟಕಿಯಿಂದ ತಲೆ ಹೊರಗೆ ಹಾಕಿ, ಮಳೆಯಲ್ಲಿ ನೆನೆಯುತ್ತಾ ಮಿಕ್ಕ ತಿರುವುಗಳನ್ನು ಹತ್ತಿದೆ. ಹಿಂದಿನಿಂದ ಅಮ್ಮ, 'ನನಗೆ ಒಂದು ಕಣ್ಣಾದರೂ ಇದೆ, ನೀನು ಏನು ನೋಡಿ ಓಡಿಸ್ತಿದ್ದೀಯೋ' ಎಂದಳು. ಆಗುಂಬೆಯಲ್ಲಿ ಪರಿಚಯದವರ ಮನೆಯಲ್ಲಿ ರಾತ್ರಿ ಕಳೆದೆವು. ಬೆಳಿಗ್ಗೆ ಬೇರೊಂದು ಗಾಡಿಯ ಬ್ಯಾಟರಿಯಿಂದ ತಂತಿ ಎಳೆದು ಸ್ಟಾರ್ಟ್ ಮಾಡಿ, ಎಲ್ಲ ಸ್ವಿಚ್ಚುಗಳನ್ನೂ ಆರಿಸಿಕೊಂಡು ಊರು ಸೇರಿದೆವು.

ಜೀಪಿನವನ ಮೂರು ಮಾತಿನಲ್ಲಿ ಹತ್ತನೇ ತರಗತಿಯ ವಿದ್ಯುತ್ ಅಧ್ಯಾಯದ ಅರ್ಧ ಇತ್ತು. ಅದನ್ನು ಅವನು ಹೇಳಿದ, ನನಗೆ ಹೊಳೆದಿರಲಿಲ್ಲ.

ಲೆಕ್ಕ ಹಾಕಿ ನೋಡಿ. ಓಮ್ನಿಯ ಬ್ಯಾಟರಿ 12 ವೋಲ್ಟ್, 35 ಆಂಪೇರ್-ಗಂಟೆಯದು. ಅಂದರೆ ತುಂಬಿದಾಗ ಸುಮಾರಾಗಿ 1 ಆಂಪೇರಿನಂತೆ 35 ಗಂಟೆ ಕೊಡಬಲ್ಲದು. ಎರಡು ಹೆಡ್‌ಲೈಟಿಗೆ ಸುಮಾರು 120 ವ್ಯಾಟ್, ಎಂದರೆ 10 ಆಂಪೇರ್. ವೈಪರಿಗೆ ಮೂರು ನಾಲ್ಕು, ಕಿಡಿ ಹಾರಿಸುವ ಇಗ್ನಿಷನ್ ಸುರುಳಿಗೆ ಇನ್ನೊಂದು ಮೂರು ನಾಲ್ಕು, ಹಿಂದಿನ ದೀಪ ಮುಂತಾದವಕ್ಕೆ ಎರಡು. ಒಟ್ಟು ಹದಿನೆಂಟು ಇಪ್ಪತ್ತು ಆಂಪೇರ್. ಪೂರ್ತಿ ತುಂಬಿದ ಹೊಸ ಬ್ಯಾಟರಿಯೂ ಎರಡು ಗಂಟೆ ಬಾಳುವುದಿಲ್ಲ, ನನ್ನದು ಅರೆಹೊಟ್ಟೆಯದು. ದೀಪ, ವೈಪರ್ ಆರಿಸಿದರೆ ಮಾತ್ರ ಉಳಿದ ಚೂರು ವಿದ್ಯುತ್ತು ಕಿಡಿಗೆ ಸಾಲುತ್ತದೆ. ಎಂಜಿನ್ ಆರಿಸಿದರೆ ಮತ್ತೆ ಸ್ಟಾರ್ಟರ್ ಮೋಟಾರಿಗೆ ನೂರಕ್ಕೆ ಹತ್ತಿರದ ಆಂಪೇರ್ ಬೇಕು. ಅದು ಎಲ್ಲಿಂದ ಬರಬೇಕು?

ಹಾಗಾದರೆ ದಿನವೂ ಈ ಖರ್ಚನ್ನು ತುಂಬುವವರು ಯಾರು? ಬ್ಯಾಟರಿ ಬರೀ ಹುಂಡಿ. ದುಡಿದು ತರುವುದು ಆಲ್ಟರ್ನೇಟರ್. ಎಂಜಿನ್ ಓಡುವಾಗ ದೀಪ, ಹಾರ್ನು, ಕಿಡಿ ಎಲ್ಲಕ್ಕೂ ವಿದ್ಯುತ್ತು ಕೊಟ್ಟು, ಸ್ಟಾರ್ಟ್ ಮಾಡುವಾಗ ಖರ್ಚಾದದ್ದನ್ನು ಬ್ಯಾಟರಿಗೆ ತುಂಬುವುದೂ ಅದೇ. ದುಡಿಯುವವನು ಮಲಗಿದರೆ ಹುಂಡಿ ಬರಿದಾಗುತ್ತದೆ. ನಾವು ಹುಂಡಿ ಬದಲಾಯಿಸುತ್ತೇವೆ.

ಒಳಗೆ ಏನಿದೆ?

1831ರಲ್ಲಿ ಮೈಕೆಲ್ ಫ್ಯಾರಡೆ ತಂತಿಯ ಸುರುಳಿಯೊಳಗೆ ಅಯಸ್ಕಾಂತವನ್ನು ಆಡಿಸಿ, ಅದು ಚಲಿಸುವಾಗ ಮಾತ್ರ ತಂತಿಯಲ್ಲಿ ವಿದ್ಯುತ್ತು ಹರಿಯುವುದನ್ನು ಕಂಡ. ಸೈಕಲ್ ಡೈನಮೋ ಕಂಡವರಿಗೆ ಇದು ಹೊಸದಲ್ಲ. ಟೈರಿಗೆ ತಾಗಿಸಿದೊಡನೆ ದೀಪ ಹತ್ತುತ್ತಿತ್ತು, ಪೆಡಲೂ ಭಾರವಾಗುತ್ತಿತ್ತು. ಪುಕ್ಕಟೆಯಾಗಿ ಏನೂ ಬರುವುದಿಲ್ಲ ಎಂದು ಕಾಲಿಗೇ ಪಾಠ. ಓಮ್ನಿಯಲ್ಲೂ ಎಂಜಿನ್ ನಿಧಾನಗತಿಯಲ್ಲಿ ಓಡುವಾಗ ಹೆಡ್‌ಲೈಟ್ ಹಾಕಿ ಕಿವಿಗೊಡಿ. ಎಂಜಿನ್ನಿನ ದನಿ ಒಂದು ಎಳೆ ಕುಗ್ಗುತ್ತದೆ. ಆಲ್ಟರ್ನೇಟರ್ ಭಾರ ಹೊತ್ತುಕೊಂಡಿತು ಎಂದರ್ಥ.

ಹಿಂದಿನ ಅಂಬಾಸಿಡರ್‌ಗಳಲ್ಲಿ ಡೈನಮೋ ಇತ್ತು. ಅದು ವೇಗವಾಗಿ ಓಡುವಾಗ ಮಾತ್ರ ಚೆನ್ನಾಗಿ ದುಡಿಯುವ ಜಾತಿ. ಸಿಲಿಕಾನ್ ಡಯೋಡುಗಳು ಅಗ್ಗವಾದ ಮೇಲೆ ಆಲ್ಟರ್ನೇಟರ್ ಬಂತು. ಅಮೆರಿಕದ ಕ್ರೈಸ್ಲರ್ ಕಂಪನಿ 1960ರ ವೇಲಿಯಂಟ್ ಕಾರಿನಲ್ಲಿ ಅದನ್ನು ಅಳವಡಿಸಿತು. ಇದರಲ್ಲಿ ತಿರುಗುವುದು ಒಂದು ವಿದ್ಯುತ್ಕಾಂತ. ಎರಡೂ ಕೈಗಳ ಬೆರಳುಗಳನ್ನು ಒಂದರ ಸಂದಿನಲ್ಲಿ ಒಂದು ತೂರಿಸಿದಂತೆ ಅದರ ಉತ್ತರ, ದಕ್ಷಿಣ ಧ್ರುವಗಳು ಹೆಣೆದುಕೊಂಡಿರುತ್ತವೆ. ಅದರ ಸುರುಳಿಗೆ ಮೂರು ನಾಲ್ಕು ಆಂಪೇರ್ ವಿದ್ಯುತ್ತನ್ನು ಮುಟ್ಟಿಸುವುದು ಎರಡು ಇಂಗಾಲದ ತುಂಡುಗಳು, ಅಂದರೆ ಬ್ರಷ್‌ಗಳು. ಅವು ತಿರುಗುವ ಎರಡು ತಾಮ್ರದ ಉಂಗುರಗಳ ಮೇಲೆ ಸ್ಪ್ರಿಂಗಿನ ಒತ್ತಡದಿಂದ ಉಜ್ಜುತ್ತಿರುತ್ತವೆ. ಸುತ್ತಲೂ ಅಲುಗದೆ ಕೂತ ಮೂರು ಸುರುಳಿಗಳಲ್ಲಿ ಪರ್ಯಾಯ ವಿದ್ಯುತ್ತು ಹುಟ್ಟುತ್ತದೆ. ಬ್ಯಾಟರಿಗೆ ಬೇಕಾದದ್ದು ಒಂದೇ ದಿಕ್ಕಿನ ವಿದ್ಯುತ್ತು. ಆರು ಡಯೋಡುಗಳು ಒಮ್ಮುಖ ಬಾಗಿಲುಗಳಂತೆ ನಿಂತು ಅದನ್ನು ಸರಿಪಡಿಸುತ್ತವೆ. ವೋಲ್ಟೇಜು ಹೆಚ್ಚಿದರೆ ವಿದ್ಯುತ್ಕಾಂತಕ್ಕೆ ಕೊಡುವ ವಿದ್ಯುತ್ತನ್ನು ತಗ್ಗಿಸಿ, ಕಡಿಮೆಯಾದರೆ ಹೆಚ್ಚಿಸುವ ಯಜಮಾನ ರೆಗ್ಯುಲೇಟರ್. ಇಷ್ಟೇ ಸಂಸಾರ. ಇದರಲ್ಲಿ ಸವೆಯುವವು ಮುಖ್ಯವಾಗಿ ಮೂರು: ಹೊರಗಿನ ಬೆಲ್ಟು, ಒಳಗಿನ ಬೇರಿಂಗು, ಮತ್ತು ಬ್ರಷ್.

ಮೊದಲು ಅಳೆಯಿರಿ

ಬಿಚ್ಚುವುದಕ್ಕೆ ಮೊದಲು ಹತ್ತು ನಿಮಿಷ ಪರೀಕ್ಷೆಗೆ ಕೊಡಿ. ಬೇಕಾದದ್ದು ಒಂದು ಮಲ್ಟಿಮೀಟರ್. ನನ್ನ ಶಾಲೆಯ ಪ್ರಯೋಗಾಲಯದ ಬೀರುವಿನಲ್ಲಿ ಅದು ಇತ್ತು. ಗಾಡಿ ನಿಲ್ಲಿಸುವ ಜಾಗಕ್ಕೂ ಆ ಬೀರುವಿಗೂ ಐವತ್ತು ಹೆಜ್ಜೆ. ಹನ್ನೊಂದು ತಿಂಗಳಲ್ಲಿ ಆ ಐವತ್ತು ಹೆಜ್ಜೆಯನ್ನು ನಾನು ಹಾಕಿರಲಿಲ್ಲ.

ಒಂದು, ಕೆಂಪು ದೀಪ. ಎಂಜಿನ್ ಸ್ಟಾರ್ಟ್ ಮಾಡದೆ ಕೀಲಿ ಮಾತ್ರ ತಿರುಗಿಸಿದಾಗ ಡ್ಯಾಶ್‌ಬೋರ್ಡಿನಲ್ಲಿ ಬ್ಯಾಟರಿಯ ಚಿತ್ರವಿರುವ ಕೆಂಪು ದೀಪ ಹತ್ತಬೇಕು. ಎಂಜಿನ್ ಓಡತೊಡಗಿದಾಗ ಆರಬೇಕು. ಆ ಬಲ್ಬಿನ ಒಂದು ತುದಿ ಬ್ಯಾಟರಿಯ ಕಡೆಗೆ, ಇನ್ನೊಂದು ಆಲ್ಟರ್ನೇಟರ್ ಕಡೆಗೆ. ಎರಡೂ ಕಡೆ ವೋಲ್ಟೇಜು ಸಮನಾದರೆ ಬಲ್ಬಿನಲ್ಲಿ ವಿದ್ಯುತ್ತು ಹರಿಯದು, ದೀಪ ಆರುತ್ತದೆ. ಓಡುವಾಗ ಹತ್ತಿದರೆ ದೋಷ ಇದೆ. ಆದರೆ ಕೀಲಿ ತಿರುಗಿಸಿದಾಗ ಹತ್ತದೇ ಇದ್ದರೆ ಬಲ್ಬೇ ಸುಟ್ಟಿರಬಹುದು. ಆಗ ಎಚ್ಚರಿಸುವವರು ಯಾರೂ ಇಲ್ಲ. ನನ್ನ ಗಾಡಿಯಲ್ಲಿ ಆದದ್ದು ಇದೇ. ದೀಪ ಹತ್ತಲಿಲ್ಲ, ಆದ್ದರಿಂದ ಎಲ್ಲ ಸರಿಯಿದೆ ಎಂದುಕೊಂಡಿದ್ದೆ.

ಎರಡು, ಬೆಲ್ಟು. ಎಂಜಿನ್ ಆರಿಸಿ, ಎರಡು ಚಕ್ರಗಳ ನಡುವೆ ಹೆಬ್ಬೆರಳಿನಿಂದ ಬಲವಾಗಿ ಒತ್ತಿದರೆ ಸುಮಾರು 10 ಮಿಲಿಮೀಟರ್ ಬಾಗಬೇಕು. ಹೆಚ್ಚು ಬಾಗಿದರೆ ಜಾರುತ್ತದೆ. ಬಾಗದಿದ್ದರೆ ಬೇರಿಂಗು ಕೊಲ್ಲುತ್ತದೆ. ಬೆಲ್ಟಿನ ಬದಿ ಕನ್ನಡಿಯಂತೆ ಹೊಳೆಯುತ್ತಿದ್ದರೆ, ಮಳೆಯ ಬೆಳಿಗ್ಗೆ 'ಕೀ' ಎಂದು ಕಿರುಚಿದರೆ ಅದು ಜಾರುತ್ತಿದೆ ಎಂದೇ ಲೆಕ್ಕ. ಓಮ್ನಿಯಲ್ಲಿ ನೀರಿನ ಪಂಪನ್ನು ತಿರುಗಿಸುವುದೂ ಇದೇ ಬೆಲ್ಟು. ಓಡುತ್ತಿರುವಾಗ ಕೆಂಪು ದೀಪ ಹತ್ತಿದರೆ ಮೊದಲು ಗಾಡಿಯನ್ನು ಬದಿಗೆ ನಿಲ್ಲಿಸಿ, ಬೆಲ್ಟು ಇದೆಯೇ ನೋಡಿ. ಹರಿದಿದ್ದರೆ ಮುಂದೆ ಒಂದು ಮೈಲಿಯೂ ಓಡಿಸಬೇಡಿ, ಎಂಜಿನ್ ಬೆಂದುಹೋಗುತ್ತದೆ. ಬೆಲ್ಟು ಇದ್ದರೆ ಜೀಪಿನವನ ಮೂರು ಮಾತು ನೆನೆದು ಹತ್ತಿರದ ಪೇಟೆ ಸೇರಿ.

ಮೂರು, ಬ್ಯಾಟರಿಯ ಕಂಬಗಳು. ಬಿಳಿ, ಹಸಿರು ಪುಡಿ ಕಟ್ಟಿದ್ದರೆ ಅಡುಗೆ ಸೋಡಾ ಕಲಸಿದ ಬಿಸಿನೀರಿನಿಂದ ತೊಳೆದು, ಉಜ್ಜಿ, ಬಿಗಿ ಮಾಡಿ. ಎಷ್ಟೋ ರೋಗಗಳು ಇಲ್ಲಿಗೇ ಗುಣವಾಗುತ್ತವೆ.

ನಾಲ್ಕು, ವೋಲ್ಟೇಜು. ಮೀಟರನ್ನು ನೇರ ವಿದ್ಯುತ್ತಿನ 20 ವೋಲ್ಟ್ ಸ್ಥಾನದಲ್ಲಿಟ್ಟು ಕಡ್ಡಿಗಳನ್ನು ಬ್ಯಾಟರಿಯ ಎರಡು ಕಂಬಗಳಿಗೆ ಮುಟ್ಟಿಸಿ. (10 ಆಂಪೇರ್ ತೂತಿನಲ್ಲಿ ಕಡ್ಡಿ ಸಿಕ್ಕಿಸಿ ಮುಟ್ಟಿಸಿದರೆ ಮೀಟರಿನ ಫ್ಯೂಸ್ ಹಾರುತ್ತದೆ, ನನ್ನ ವಿದ್ಯಾರ್ಥಿಗಳು ಪ್ರತಿ ವರ್ಷ ಮಾಡಿ ತೋರಿಸುತ್ತಾರೆ.) ರಾತ್ರಿಯಿಡೀ ನಿಂತ ಗಾಡಿಯಲ್ಲಿ, ಬ್ಯಾಟರಿ ತುಂಬಿದ್ದರೆ 12.6 ವೋಲ್ಟ್ ಆಸುಪಾಸು ಇರಬೇಕು. 12.2 ಎಂದರೆ ಅರ್ಧ ಬರಿದು, 11.9 ಎಂದರೆ ಖಾಲಿ. ಈಗ ಎಂಜಿನ್ ಓಡಿಸಿ ವೇಗ ಸ್ವಲ್ಪ ಏರಿಸಿ. 13.8ರಿಂದ 14.5ರ ಒಳಗೆ ಬರಬೇಕು. ಹೆಡ್‌ಲೈಟ್, ವೈಪರ್ ಹಾಕಿದರೂ 13.5ಕ್ಕಿಂತ ಕೆಳಗೆ ಇಳಿಯಬಾರದು. 15 ದಾಟಿದರೆ ರೆಗ್ಯುಲೇಟರ್ ಹುಚ್ಚುಕಟ್ಟಿದೆ ಎಂದರ್ಥ. ಬ್ಯಾಟರಿಯ ನೀರು ಬೇಗ ಆರುತ್ತದೆ, ಕೊಳೆತ ಮೊಟ್ಟೆಯ ವಾಸನೆಯೂ ಬರಬಹುದು. ಈ ಅಂಕಿಗಳು ಹಳೆಯ ಗಾಡಿಗಳಿಗೆ. ಈಚಿನ ಹಲವು ಕಾರುಗಳಲ್ಲಿ ಕಂಪ್ಯೂಟರೇ ವೋಲ್ಟೇಜನ್ನು ಬೇಕೆಂದು ಏರಿಳಿಸುತ್ತದೆ, ಅವುಗಳಿಗೆ ಈ ಅಳತೆ ಹಿಡಿಯಬೇಡಿ.

ಐದು, ದಾರಿಯ ನಷ್ಟ. ಆಲ್ಟರ್ನೇಟರಿನಲ್ಲಿ ಸಾಕಷ್ಟು ಹುಟ್ಟಿಯೂ ಬ್ಯಾಟರಿಗೆ ತಲುಪದೇ ಇರಬಹುದು. ಎಂಜಿನ್ ಓಡುತ್ತಾ ದೀಪಗಳು ಉರಿಯುತ್ತಿರುವಾಗ, ಆಲ್ಟರ್ನೇಟರಿನ ದಪ್ಪ ತಂತಿಯ ತಿರುಪಿಗೂ ಬ್ಯಾಟರಿಯ ಧನ ಕಂಬಕ್ಕೂ ನಡುವೆ ಅಳೆಯಿರಿ. ಅರ್ಧ ವೋಲ್ಟಿನಷ್ಟು ವ್ಯತ್ಯಾಸ ಕಂಡರೆ ತಂತಿಯಲ್ಲೋ ಜೋಡಣೆಯಲ್ಲೋ ತುಕ್ಕು ಇದೆ. ಆಲ್ಟರ್ನೇಟರಿನ ಮೈಗೂ ಬ್ಯಾಟರಿಯ ಋಣ ಕಂಬಕ್ಕೂ ಹಾಗೆಯೇ ನೋಡಿ. ಕಾಲುವೆ ಒಡೆದರೆ ಕೆರೆಯನ್ನು ದೂರಬಾರದು.

ಆರು, ಡಯೋಡು. ಎಂಜಿನ್ ಓಡುವಾಗ ಮೀಟರನ್ನು ಪರ್ಯಾಯ ವಿದ್ಯುತ್ತಿಗೆ ತಿರುಗಿಸಿ ಬ್ಯಾಟರಿಯ ಕಂಬಗಳಿಗೆ ಮುಟ್ಟಿಸಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿದರೆ ಒಂದಾದರೂ ಡಯೋಡು ಕೆಟ್ಟಿರುವ ಸಂಶಯ. (ಕೆಲವು ಅಗ್ಗದ ಮೀಟರುಗಳು ಇಲ್ಲಿ ನೇರ ವಿದ್ಯುತ್ತನ್ನೂ ಸೇರಿಸಿ ಸುಳ್ಳು ಅಂಕಿ ತೋರಿಸುತ್ತವೆ. ಎಂಜಿನ್ ಆರಿಸಿಯೂ ಒಮ್ಮೆ ಅಳೆದು ಹೋಲಿಸಿ.) ಸೋರುವ ಡಯೋಡು ಇನ್ನೊಂದು ಕಿತಾಪತಿ ಮಾಡುತ್ತದೆ. ಗಾಡಿ ನಿಂತಾಗಲೂ ಬ್ಯಾಟರಿಯ ವಿದ್ಯುತ್ತನ್ನು ಹಿಂಬಾಗಿಲಿನಿಂದ ರಾತ್ರಿಯಿಡೀ ಸೋರಿಸುತ್ತದೆ.

ಒಂದು ಕೆಲಸ ಮಾತ್ರ ಯಾವತ್ತೂ ಮಾಡಬೇಡಿ. 'ಎಂಜಿನ್ ಓಡುವಾಗ ಬ್ಯಾಟರಿಯ ತಂತಿ ಕಿತ್ತು ನೋಡು, ಎಂಜಿನ್ ನಿಂತರೆ ಚಾರ್ಜಿಂಗ್ ಇಲ್ಲ' ಎಂಬ ಪರೀಕ್ಷೆಯನ್ನು ರಸ್ತೆಬದಿಯಲ್ಲಿ ಈಗಲೂ ಮಾಡುತ್ತಾರೆ. ಡೈನಮೋ ಕಾಲದ ಪದ್ಧತಿ ಅದು. ಆಲ್ಟರ್ನೇಟರಿನಲ್ಲಿ ಹಾಗೆ ಮಾಡಿದರೆ ವೋಲ್ಟೇಜು ಒಮ್ಮೆಲೇ ಜಿಗಿದು ಡಯೋಡು, ರೆಗ್ಯುಲೇಟರುಗಳನ್ನು ಸುಡಬಹುದು. ಇಲ್ಲದ ರೋಗವನ್ನು ಪರೀಕ್ಷೆಯೇ ತಂದಿಡುತ್ತದೆ.

ನನ್ನ ಗಾಡಿಯಲ್ಲಿ ಕಂಡದ್ದು ಏನು? ಎಂಜಿನ್ ನಿಂತಾಗ 12.1, ಓಡುವಾಗ 12.0. ದುಡಿಮೆ ಸೊನ್ನೆ. ಸ್ಕ್ರೂಡ್ರೈವರಿನ ಮರದ ಹಿಡಿಯಿಂದ ಆಲ್ಟರ್ನೇಟರಿನ ಬೆನ್ನಿಗೆ ಮೆಲ್ಲಗೆ ಎರಡು ಸಲ ತಟ್ಟಿದೆ. ಮೀಟರ್ 13.9ಕ್ಕೆ ಜಿಗಿಯಿತು! ಒಂದು ನಿಮಿಷ ನಿಂತು ಮತ್ತೆ ಬಿತ್ತು. ತಟ್ಟಿದರೆ ಎದ್ದು ಕೂರುವ ಸೋಮಾರಿ ಎಂದರೆ ಬಹುಮಟ್ಟಿಗೆ ಸವೆದ ಬ್ರಷ್. ಹಳ್ಳ ಬಿದ್ದ ನಮ್ಮೂರ ರಸ್ತೆಯಲ್ಲಿ ಗಾಡಿ ಕುಲುಕಿದಾಗಲೆಲ್ಲ ಚಾರ್ಜ್ ಆಗುತ್ತಿತ್ತು, ಒಳ್ಳೆಯ ರಸ್ತೆಯಲ್ಲಿ ನಿಲ್ಲುತ್ತಿತ್ತು. ಹತ್ತು ತಿಂಗಳು ಕಣ್ಣುಮುಚ್ಚಾಲೆ ಆಡಿದ್ದು ಹೀಗೆ.

ಬಿಚ್ಚುವ ಕ್ರಮ

ಎಂಜಿನ್ ಪೂರ್ತಿ ತಣ್ಣಗಾಗಲಿ. ಕೈಗಡಿಯಾರ, ಉಂಗುರ ತೆಗೆದಿಡಿ. ಮೊದಲ ಕೆಲಸ, ಬ್ಯಾಟರಿಯ ಋಣ ಕಂಬದ ತಂತಿ ಕಳಚುವುದು. ಇದನ್ನು ಮರೆತವರು ಪಶ್ಚಾತ್ತಾಪ ಪಡುತ್ತಾರೆ. ಆಲ್ಟರ್ನೇಟರಿನ ದಪ್ಪ ತಂತಿ ಬ್ಯಾಟರಿಯ ಧನ ಕಂಬಕ್ಕೆ ಸದಾ ಜೋಡಿಕೊಂಡಿದೆ. ಕೀಲಿ ತೆಗೆದರೂ ಅದರಲ್ಲಿ ವಿದ್ಯುತ್ತು ಇದ್ದೇ ಇರುತ್ತದೆ. ಅದರ ತಿರುಪು ಬಿಚ್ಚುವಾಗ ಸ್ಪ್ಯಾನರಿನ ಇನ್ನೊಂದು ತುದಿ ಗಾಡಿಯ ಮೈಗೆ ತಾಗಿದರೆ ನೂರಾರು ಆಂಪೇರ್ ಹರಿದು ಸ್ಪ್ಯಾನರ್ ವೆಲ್ಡಿಂಗ್ ಕಡ್ಡಿಯಾಗುತ್ತದೆ. ಬೆರಳಿನ ಉಂಗುರ ನಡುವೆ ಸಿಕ್ಕರೆ ಏನಾಗುತ್ತದೆಂದು ನಾನು ಬರೆಯುವುದಿಲ್ಲ.

ಸೀಟು ಎತ್ತಿ ಮುಚ್ಚಳ ತೆಗೆದರೆ ಎಂಜಿನ್ ಕಾಣುತ್ತದೆ. ಮೇಲಿನಿಂದ ಬೆರಳು ತಲುಪುವ ಕಡೆ ಸ್ಪ್ಯಾನರ್ ತಿರುಗುವುದಿಲ್ಲ. ಕೆಳಗಿನ ಬೋಲ್ಟಿಗೆ ಗಾಡಿಯಡಿ ಮಲಗಬೇಕಾಗುತ್ತದೆ. ಆಗ ಜಾಕ್ ಒಂದನ್ನೇ ನಂಬಿ ತಲೆ ತೂರಿಸಬೇಡಿ. ಸಮತಟ್ಟು ನೆಲ, ಚಕ್ರಗಳಿಗೆ ಅಡ್ಡಗಲ್ಲು, ಗಾಡಿಯ ಭಾರ ಹೊರಲು ಕಬ್ಬಿಣದ ಸ್ಟ್ಯಾಂಡು, ಇವಿಲ್ಲದಿದ್ದರೆ ಗ್ಯಾರೇಜಿಗೆ ಹೋಗಿ. ಹಣ ಉಳಿಸಲು ಹೋಗಿ ಎದೆಗೂಡು ಕೊಡುವುದು ಜಾಣತನವಲ್ಲ.

ತಂತಿಗಳು ಎಲ್ಲೆಲ್ಲಿದ್ದವು ಎಂದು ಒಂದು ಚಿತ್ರ ಬರೆದುಕೊಳ್ಳಿ, ಅಥವಾ ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ದಪ್ಪ ತಂತಿಯ ರಬ್ಬರ್ ಟೋಪಿ ಸರಿಸಿ ತಿರುಪು ಬಿಚ್ಚಿ. ಸಣ್ಣ ತಂತಿಗಳ ಪ್ಲಗ್ಗನ್ನು ಅದರ ಕೊಂಡಿ ಒತ್ತಿ ಎಳೆಯಿರಿ. ತಂತಿ ಹಿಡಿದು ಎಳೆಯಬೇಡಿ. ಬೆಲ್ಟು ಬಿಗಿಮಾಡುವ ಪಟ್ಟಿಯ ಬೋಲ್ಟನ್ನೂ, ಆಲ್ಟರ್ನೇಟರ್ ತೂಗುವ ಉದ್ದ ಬೋಲ್ಟನ್ನೂ ಸಡಿಲಿಸಿ, ಎಂಜಿನ್ನಿನ ಕಡೆಗೆ ತಳ್ಳಿದರೆ ಬೆಲ್ಟು ಕಳಚಿಕೊಳ್ಳುತ್ತದೆ. ತುಕ್ಕು ಹಿಡಿದಿದ್ದರೆ ಹಿಂದಿನ ರಾತ್ರಿಯೇ ಎಣ್ಣೆ ಬಿಟ್ಟಿರಿ, ಬಲಪ್ರಯೋಗ ಬೇಡ. ಕೊನೆಗೆ ಒಂದು ಕೈಯಲ್ಲಿ ಭಾರ ಹಿಡಿದುಕೊಂಡು ಬೋಲ್ಟು ಹೊರಗೆಳೆಯಿರಿ. ಮೂರು ನಾಲ್ಕು ಕಿಲೋ ತೂಕದ ಲೋಹ ಮುಖದ ಮೇಲೆ ಬೀಳಬಾರದು.

ಮೇಜಿನ ಮೇಲಿಟ್ಟು ಮೊದಲು ಚಕ್ರ ತಿರುಗಿಸಿ. ಗರಗರ ಎಂದರೆ ಬೇರಿಂಗು ಹೋಗಿದೆ. ಹಿಂದಿನ ಮುಚ್ಚಳ ಬಿಚ್ಚಿ ಬ್ರಷ್ ನೋಡಿ. ನನ್ನದರಲ್ಲಿ ಒಂದು ಕಡಲೆಕಾಳಿನಷ್ಟು ಉಳಿದಿತ್ತು, ಸ್ಪ್ರಿಂಗಿಗೆ ಅದನ್ನು ಉಂಗುರದವರೆಗೆ ಒತ್ತುವ ಶಕ್ತಿ ಇರಲಿಲ್ಲ. ಹದಿನೇಳು ವರ್ಷ ಉಜ್ಜಿಸಿಕೊಂಡ ಇಂಗಾಲದ ತುಂಡು ಸವೆದದ್ದಕ್ಕೆ ಯಾರನ್ನೂ ದೂರುವಂತಿಲ್ಲ. ಇನ್ನು ಮೀಟರನ್ನು ಓಮ್ ಸ್ಥಾನಕ್ಕಿಟ್ಟು ಎರಡು ತಾಮ್ರದ ಉಂಗುರಗಳ ನಡುವೆ ಅಳೆಯಿರಿ. ಮೂರು ನಾಲ್ಕು ಓಮ್ ಬಂದರೆ ಸುರುಳಿ ಕ್ಷೇಮ. ಓಮನ ನಿಯಮದಂತೆ 12 ವೋಲ್ಟಿಗೆ ಮೂರು ನಾಲ್ಕು ಆಂಪೇರ್, ಮೇಲೆ ಹೇಳಿದ ಲೆಕ್ಕಕ್ಕೆ ಸರಿಯಾಯಿತು. ಅನಂತ ರೋಧ ತೋರಿದರೆ ತಂತಿ ಕಡಿದಿದೆ. ಉಂಗುರಕ್ಕೂ ಅಚ್ಚಿಗೂ ನಡುವೆ ಮಾತ್ರ ಸಂಪರ್ಕ ಇರಲೇಬಾರದು. ಡಯೋಡು ಒಂದು ದಿಕ್ಕಿಗೆ ದಾರಿ ಬಿಟ್ಟು ಇನ್ನೊಂದು ದಿಕ್ಕಿಗೆ ಬಿಡಬಾರದು. ಎರಡೂ ಕಡೆ ಬಿಟ್ಟರೂ, ಎರಡೂ ಕಡೆ ತಡೆದರೂ ಅದು ಕೆಟ್ಟಿದೆ.

ಬ್ರಷ್ ಜೋಡಿಗೆ ನೂರು ರೂಪಾಯಿಯೂ ಆಗಲಿಲ್ಲ. ಬೆಸುಗೆ ಹಾಕಿ ಕೂರಿಸಿದೆ, ಉಂಗುರಗಳನ್ನು ನುಣುಪು ಉಪ್ಪುಕಾಗದದಿಂದ ಹಗುರವಾಗಿ ಒರೆಸಿದೆ. ಕೆಂಪು ದೀಪದ ಬಲ್ಬನ್ನೂ ಬದಲಾಯಿಸಿದೆ. ಜೋಡಿಸುವುದು ಬಿಚ್ಚಿದ್ದರ ಹಿಮ್ಮುಖ ಕ್ರಮ. ಬೆಲ್ಟು ಬಿಗಿಮಾಡಲು ಸನಿಕೆ ಹಾಕುವಾಗ ಆಲ್ಟರ್ನೇಟರಿನ ಗಟ್ಟಿಯಾದ ಮುಂಭಾಗಕ್ಕೆ ಮಾತ್ರ ಒತ್ತು ಕೊಡಿ; ಅಲ್ಯೂಮಿನಿಯಮ್ಮಿನ ತೆಳು ಮೈ ಸೀಳುತ್ತದೆ. ಋಣ ಕಂಬದ ತಂತಿ ಎಲ್ಲಕ್ಕಿಂತ ಕೊನೆಗೆ. ಬರಿದಾದ ಬ್ಯಾಟರಿಯನ್ನು ಹೊರಗಿನ ಚಾರ್ಜರಿನಿಂದ ತುಂಬಿಸಿಯೇ ಹಾಕಿ. ಖಾಲಿ ಬ್ಯಾಟರಿಯನ್ನು ಮೊದಲ ದಿನವೇ ತುಂಬಿಸುವ ಕೆಲಸ ಕೊಟ್ಟರೆ ಆಲ್ಟರ್ನೇಟರ್ ಕಾದು ಬಳಲುತ್ತದೆ.

ಎಂಜಿನ್ ಓಡಿಸಿದೆ. 14.2 ವೋಲ್ಟ್.

ಎರಡು ಬ್ಯಾಟರಿಗೆ ನಾನು ತೆತ್ತದ್ದು ಐದು ಸಾವಿರದ ಮೇಲೆ. ಅದು ಹೋಗಲಿ. ಮರುದಿನ ಸಂಜೆ ಶಾಲೆ ಬಿಟ್ಟ ಮೇಲೆ ಸವೆದ ಬ್ರಷ್ಷನ್ನು ಕಾಗದದಲ್ಲಿ ಸುತ್ತಿಕೊಂಡು ಬ್ಯಾಟರಿ ಅಂಗಡಿಗೆ ಹೋದೆ. ಅಂಗಡಿಯಲ್ಲಿ ಗಿರಾಕಿಗಳಿದ್ದರು. ಬೈದದ್ದು ನಾಲ್ಕು ಜನರ ಎದುರಿಗೆ, ಒಪ್ಪಿಕೊಳ್ಳುವುದೂ ಹಾಗೆಯೇ ಆಗಬೇಕಲ್ಲ. 'ನಿನ್ನ ಬ್ಯಾಟರಿಯಲ್ಲಿ ತಪ್ಪಿರಲಿಲ್ಲ, ಅವತ್ತು ನೀನು ಮೀಟರ್ ತರುತ್ತಿದ್ದರೆ ತಡೆಯಬಾರದಿತ್ತು' ಎಂದೆ. ಅವನು ಕಾಗದ ಬಿಚ್ಚಿ ನೋಡಿ, 'ಇಷ್ಟೇ ಇಷ್ಟು' ಎಂದು ನಕ್ಕು, ಒಳಗಿನಿಂದ ಕುರ್ಚಿ ತಂದು ಹಾಕಿದ. ಚಹಾ ತರಿಸಿದ. ಈಗ ನನ್ನ ಹತ್ತನೇ ತರಗತಿಯವರು ವಿದ್ಯುತ್ಕಾಂತೀಯ ಪ್ರೇರಣೆಯ ಪಾಠದ ದಿನ ಅವನ ಅಂಗಡಿಗೇ ಹೋಗುತ್ತಾರೆ. ಹಳೆಯ ಆಲ್ಟರ್ನೇಟರ್ ಬಿಚ್ಚಿ ತೋರಿಸುವವನು ಅವನೇ, ನಾನು ಪಕ್ಕದಲ್ಲಿ ನಿಂತಿರುತ್ತೇನೆ.

ಪತ್ರ ಬರೆದ ಓದುಗರಿಗೆ ಕೊನೆಯ ಮಾತು. ಮೂರನೆಯ ಬ್ಯಾಟರಿಯನ್ನು ಬೈಯುವ ಮುಂಚೆ, ನಾಲ್ಕನೆಯದಕ್ಕೆ ಹಣ ಎಣಿಸುವ ಮುಂಚೆ, ನಾಳೆ ಬೆಳಿಗ್ಗೆ ಗಾಡಿಯಲ್ಲಿ ಕೂತು ಕೀಲಿಯನ್ನು ಅರ್ಧ ಮಾತ್ರ ತಿರುಗಿಸಿ. ಆ ಪುಟ್ಟ ಕೆಂಪು ದೀಪ ಹತ್ತಿತೇ, ನೋಡಿ.